ಸರ್ ರೊನಾಲ್ಡ್ ರಾಸ್ ಮತ್ತು ಒಂದು ತೊಟ್ಟು ರಕ್ತ

ಜ್ವರ ಬಂದು ಎರಡು ಮೂರು ದಿನಗಳಾದರೂ ಇಳಿಯದಿದ್ದರೆ ವೈದ್ಯರು ನಮ್ಮ ಬೆರಳ ತುದಿಯನ್ನು ಸೂಜಿಯಿಂದ ಚುಚ್ಚಿ, ಅಲ್ಲಿ ಮೂಡಿದ ರಕ್ತದ ತೊಟ್ಟನ್ನು ಗಾಜಿನ ಪಟ್ಟಿಯೊಂದರ ಮೇಲೆ ತೆಗೆದುಕೊಳ್ಳುತ್ತಾರೆ. ಆ ಕ್ಷಣದಲ್ಲಿ ನಮ್ಮಲ್ಲಿ ಅನೇಕರು ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಳ್ಳುವುದರಿಂದ, ಗಾಜಿನ ಮೇಲೆ ಏನು ನಡೆಯಿತೆಂಬುದನ್ನು ನೋಡಿದವರು ಕಡಮೆ. ನೋಡಿದ್ದರೆ ಅಲ್ಲಿ ಎರಡು ಗುರುತುಗಳು ಕಾಣುತ್ತಿದ್ದವು. ಒಂದು, ನಾಲಗೆಯಂತೆ ತೆಳ್ಳಗೆ ಎಳೆದುದು. ಇನ್ನೊಂದು, ಹಣೆಯ ಬೊಟ್ಟಿನಂತೆ ದುಂಡಗೆ, ದಪ್ಪವಾಗಿ ಇಟ್ಟುದು. ಆ ದಪ್ಪ ಬೊಟ್ಟಿನ ಉಪಾಯವನ್ನು ವೈದ್ಯಲೋಕಕ್ಕೆ ಕೊಟ್ಟವರು ಒಂದು ಕಾಲದಲ್ಲಿ ನಮ್ಮ ಬೆಂಗಳೂರಿನ ದಂಡಿನಲ್ಲಿ ನೆಲಸಿದ್ದ ವೈದ್ಯರು. ಅವರ ಹೆಸರು ರೊನಾಲ್ಡ್ ರಾಸ್. ಮಲೇರಿಯ ಜ್ವರವು ಸೊಳ್ಳೆಯಿಂದ ಹರಡುವುದೆಂದು ತೋರಿಸಿಕೊಟ್ಟವರು ಅವರೇ ಎಂಬುದನ್ನು ನಾವೆಲ್ಲರೂ ಪಾಠಪುಸ್ತಕಗಳಲ್ಲಿ ಓದಿದ್ದೇವೆ. ಆದರೆ ಈ ಮಹನೀಯರು ಮೊದಲ ಹಲವು ವರ್ಷಗಳ ಕಾಲ ರಕ್ತದಲ್ಲಿ ಮಲೇರಿಯದ ಜೀವಿ ಇದೆಯೆಂಬುದನ್ನೇ ನಂಬಿರಲಿಲ್ಲವೆಂಬ ಸಂಗತಿಯನ್ನು ಪಾಠಪುಸ್ತಕಗಳು ಹೇಳುವುದಿಲ್ಲ. ನಮಗೆ ಅವರ ಜೀವನದಲ್ಲಿ ಅತ್ಯಂತ ಸ್ವಾರಸ್ಯವಾಗಿ ತೋರಿದುದು ಅದೇ.

ರಾಸರು ಹುಟ್ಟಿದುದು ಹಿಮಾಲಯದ ತಪ್ಪಲಿನ ಆಲ್ಮೋರದಲ್ಲಿ, ೧೮೫೭ನೆಯ ಇಸವಿ ಮೇ ೧೩ರಂದು. ಅದಕ್ಕೆ ಮೂರೇ ದಿನ ಮೊದಲು ಮೀರತ್ತಿನಲ್ಲಿ ಸಿಪಾಯಿಗಳು ದಂಗೆಯೆದ್ದಿದ್ದರು. ತಂದೆ ಸೈನ್ಯದಲ್ಲಿ ದೊಡ್ಡ ಅಧಿಕಾರಿ. ಹತ್ತು ಮಕ್ಕಳಲ್ಲಿ ರೊನಾಲ್ಡರೇ ಹಿರಿಯರು. ಎಂಟನೆಯ ವಯಸ್ಸಿನಲ್ಲಿ ವಿದ್ಯಾಭ್ಯಾಸಕ್ಕಾಗಿ ಅವರನ್ನು ಇಂಗ್ಲೆಂಡಿನ ಬಂಧುಗಳ ಮನೆಗೆ ಕಳುಹಿಸಿದರು. ಬಾಲಕನಿಗೆ ಚಿತ್ರಕಲೆಯಲ್ಲಿಯೂ ಸಂಗೀತದಲ್ಲಿಯೂ ಕಾವ್ಯದಲ್ಲಿಯೂ ಬಹಳ ಆಸಕ್ತಿ. ಗಣಿತದಲ್ಲಿ ಬಹುಮಾನವೂ ಬಂದಿತ್ತು. ಚಿತ್ರಕಾರನಾಗಬೇಕೆಂಬುದು ಅವರ ಹಂಬಲ. ಆದರೆ ತಂದೆಯ ಇಷ್ಟವೇ ಬೇರೆ: ಮಗನು ವೈದ್ಯನಾಗಿ ಇಂಡಿಯಾದ ವೈದ್ಯಕೀಯ ಸೇವೆಗೆ ಸೇರಬೇಕು. ಹೀಗೆ ಹದಿನೇಳು ವರ್ಷದ ತರುಣ ಲಂಡನ್ನಿನ ಸೇಂಟ್ ಬಾರ್ತಲೋಮ್ಯೂ ಆಸ್ಪತ್ರೆಯ ವಿದ್ಯಾಲಯವನ್ನು ಸೇರಿದನು. ಅಲ್ಲಿ ಆತ ವೈದ್ಯಶಾಸ್ತ್ರಕ್ಕಿಂತ ಹೆಚ್ಚಾಗಿ ನಾಟಕ, ಪದ್ಯ, ಸಂಗೀತಗಳ ರಚನೆಯಲ್ಲಿಯೇ ಹೊತ್ತು ಕಳೆದನೆಂದು ಹೇಳಬೇಕು. ಎರಡು ಪರೀಕ್ಷೆಗಳಲ್ಲಿ ಒಂದರಲ್ಲಿ ತೇರ್ಗಡೆಯಾಗಿ ಇನ್ನೊಂದರಲ್ಲಿ ನಪಾಸಾಗಿ, ಸ್ವಲ್ಪ ಕಾಲ ಹಡಗಿನ ವೈದ್ಯನಾಗಿ ಅಟ್ಲಾಂಟಿಕ್ ಸಾಗರವನ್ನು ದಾಟುತ್ತಿದ್ದು, ಕೊನೆಗೆ ೧೮೮೧ರಲ್ಲಿ ಇಂಡಿಯಾದ ಸೇವೆಗೆ ಆಯ್ಕೆಯಾದರು. ಪರೀಕ್ಷೆಯಲ್ಲಿ ಒಮ್ಮೆ ಎಡವಿದ ನಮ್ಮ ಸಹಪಾಠಿಗಳು ಇದನ್ನು ಓದಿ ಸಮಾಧಾನ ಪಟ್ಟುಕೊಳ್ಳಬಹುದು; ಆದರೆ ಪದ್ಯ ಬರೆಯುವುದನ್ನು ಇದಕ್ಕೆ ನೆಪ ಮಾಡಿಕೊಳ್ಳಬಾರದು.

೧೮೮೩ರಲ್ಲಿ ಅವರಿಗೆ ಬೆಂಗಳೂರಿನ ದಂಡಿನಲ್ಲಿ ಹಂಗಾಮಿ ವೈದ್ಯಾಧಿಕಾರಿಯ ಕೆಲಸ ದೊರೆಯಿತು. ಊರು ಅವರಿಗೆ ಬಹಳ ಹಿಡಿಸಿತು. ಹವೆ ತಂಪು, ಬಂಗಲೆ ಸೊಗಸು. ಆದರೆ ಸೊಳ್ಳೆಗಳ ಕಾಟ ಮಾತ್ರ ಹೇಳತೀರದು. ತಮ್ಮ ಕೊಠಡಿಯಲ್ಲಿ ಬೇರೆ ಕೊಠಡಿಗಳಿಗಿಂತ ಹೆಚ್ಚು ಸೊಳ್ಳೆಗಳೇಕೆ ಎಂದು ನೋಡಲಾಗಿ, ಕಿಟಕಿಯ ಹೊರಗೆ ಇಟ್ಟಿದ್ದ ನೀರಿನ ಪೀಪಾಯಿಯಲ್ಲಿ ಅವುಗಳ ಮರಿಹುಳುಗಳು ನುಲಿದಾಡುತ್ತಿದ್ದುದು ಕಾಣಿಸಿತು. ಪೀಪಾಯಿಯನ್ನು ಮೊಗಚಿ ಹಾಕಿಸಿದರು, ಸೊಳ್ಳೆಗಳು ಕಡಮೆಯಾದವು. ಉಳಿದ ಪೀಪಾಯಿಗಳನ್ನೂ ಹೂಕುಂಡಗಳನ್ನೂ ಹೀಗೆಯೇ ಬರಿದು ಮಾಡಿಸೋಣವೆಂದು ಸೂಚಿಸಿದಾಗ ಸೈನ್ಯದ ಅಧಿಕಾರಿಯೊಬ್ಬರು ಒಪ್ಪಲಿಲ್ಲ. ಸೊಳ್ಳೆಗಳು ಸೃಷ್ಟಿಯಲ್ಲಿ ಯಾವುದೋ ಉದ್ದೇಶಕ್ಕಾಗಿ ಇರುವುವೆಂದೂ ಅವನ್ನು ಸಹಿಸಿಕೊಂಡಿರುವುದೇ ಕರ್ತವ್ಯವೆಂದೂ ಅವರ ಅಭಿಪ್ರಾಯವಾಗಿತ್ತಂತೆ! ಸೊಳ್ಳೆಗೂ ರೋಗಕ್ಕೂ ಸಂಬಂಧವಿದೆಯೆಂಬ ಯೋಚನೆ ಆಗ ರಾಸರಿಗೂ ಇರಲಿಲ್ಲ. ಅವು ಕೇವಲ ಪೀಡೆಯೆಂದಷ್ಟೇ ಎಣಿಸಿದ್ದರು.

ಆ ಕಾಲದಲ್ಲಿ ಮಲೇರಿಯವು ನಮ್ಮ ದೇಶದಲ್ಲಿ ಎಂತಹ ಮಾರಿಯಾಗಿತ್ತೆಂಬುದನ್ನು ಇಂದಿನ ನಗರದ ಮಕ್ಕಳು ಊಹಿಸುವುದು ಕಷ್ಟ. ನಮ್ಮ ಮಲೆನಾಡಿನಲ್ಲಿ ಇದರ ದೆಸೆಯಿಂದ ಊರಿಗೆ ಊರೇ ಬರಿದಾದುದುಂಟು. ಗದ್ದೆಗಳು ಪಾಳುಬಿದ್ದು, ಮನೆಗಳ ಒಳಗೆ ಮರ ಬೆಳೆದು ನಿಂತುದುಂಟು. ದಿನ ಬಿಟ್ಟು ದಿನ ನಡುಕ, ಅನಂತರ ಸುಡುವ ಜ್ವರ, ಅನಂತರ ಬೆವರು, ಹೊಟ್ಟೆಯ ಎಡಭಾಗದಲ್ಲಿ ಊದಿಕೊಂಡ ಗುಲ್ಮ, ಬಿಳಿಚಿದ ಮಕ್ಕಳು. ಜೌಗುನೆಲದಿಂದೇಳುವ ಕೆಟ್ಟ ಗಾಳಿಯೇ ಇದಕ್ಕೆ ಕಾರಣವೆಂದು ಎಲ್ಲ ದೇಶಗಳ ಜನರೂ ನಂಬಿದ್ದರು. ಮಲೇರಿಯ ಎಂಬ ಇಟಲಿಯ ಮಾತಿನ ಅರ್ಥವೇ ಕೆಟ್ಟ ಗಾಳಿ.

ಅಷ್ಟರಲ್ಲಿ ೧೮೮೦ರಲ್ಲಿ ಅಲ್ಜೀರಿಯದಲ್ಲಿದ್ದ ಫ್ರೆಂಚ್ ಸೈನ್ಯದ ವೈದ್ಯ ಲಾವೆರಾನರು ರೋಗಿಯ ರಕ್ತದಲ್ಲಿ ಒಂದು ಜೀವಿಯನ್ನು ಕಂಡಿದ್ದರು. ಅದು ಕೆಂಪು ರಕ್ತಕಣದ ಒಳಹೊಕ್ಕು, ಅದರ ಸಾರವನ್ನೇ ತಿಂದು ಬೆಳೆದು, ತಿಂದುಳಿದುದನ್ನು ಕರಿಯ ಹರಳುಗಳ ರೂಪದಲ್ಲಿ ಉಳಿಸುತ್ತದೆ. ಈ ಕರಿಯ ಹರಳುಗಳನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಇವೇ ಸಾಕ್ಷಿ ನುಡಿಯಲಿವೆ. ಲಾವೆರಾನರ ಮಾತನ್ನು ರಾಸರು ಓದಿದರು. ತಮ್ಮ ರೋಗಿಗಳ ರಕ್ತವನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದರು. ಏನೂ ಕಾಣಲಿಲ್ಲ. ಮತ್ತೆ ಮತ್ತೆ ನೋಡಿದರು. ಕಂಡುದೆಲ್ಲ ರಕ್ತಕಣಗಳ ಮಡಿಕೆಗಳು, ಗುಳಿಗಳು, ಒಣಗಿದ ಅಂಚುಗಳು. ಇಂತಹ ಹುಸಿರೂಪಗಳನ್ನೇ ನೋಡಿ ಲಾವೆರಾನರು ಮೋಸಹೋಗಿರಬೇಕೆಂದು ತೀರ್ಮಾನಿಸಿ, ಮಲೇರಿಯವು ಕರುಳಿನ ವಿಷದಿಂದ ಬರುವ ಜ್ವರವೆಂದು ವಾದಿಸಿ ಲೇಖನಗಳನ್ನು ಪ್ರಕಟಿಸಿದರು. ಅವರ ಕಣ್ಣಿನಲ್ಲಿ ದೋಷವಿರಲಿಲ್ಲ, ಶ್ರದ್ಧೆಯಲ್ಲಿಯೂ ಕೊರತೆಯಿರಲಿಲ್ಲ. ನೋಡುವ ವಿಧಾನವನ್ನು ತೋರಿಸಿಕೊಡುವವರು ಅವರಿಗೆ ದೊರೆತಿರಲಿಲ್ಲ, ಅಷ್ಟೆ.

೧೮೯೪ರಲ್ಲಿ ರಜೆಯ ಮೇಲೆ ಲಂಡನ್ನಿಗೆ ಹೋದಾಗ ಅಂತಹವರು ದೊರೆತರು. ಪ್ಯಾಟ್ರಿಕ್ ಮ್ಯಾನ್ಸನ್ ಎಂಬ ಹಿರಿಯ ವೈದ್ಯರು ಚೀಣಾದೇಶದಲ್ಲಿ ಬಹುಕಾಲವಿದ್ದು, ಆನೆಕಾಲು ರೋಗದ ಹುಳುವು ಸೊಳ್ಳೆಯ ದೇಹದಲ್ಲಿ ಬೆಳೆಯುವುದನ್ನು ಕಂಡವರು. ಅವರು ರಾಸರನ್ನು ಆಸ್ಪತ್ರೆಗೆ ಕರೆದೊಯ್ದು, ಮಲೇರಿಯ ರೋಗಿಯೊಬ್ಬನ ರಕ್ತದಲ್ಲಿ ಅರ್ಧಚಂದ್ರಾಕೃತಿಯ ಜೀವಿಗಳನ್ನು ಬೆರಳಿಟ್ಟು ತೋರಿಸಿದರು. ರಾಸರು ತಮ್ಮ ಹಿಂದಿನ ವಾದವನ್ನು ಆ ಕೂಡಲೆ ಕೈಬಿಟ್ಟರು. ಅಚ್ಚಾದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಸುಲಭವಲ್ಲ; ಅದರಲ್ಲಿಯೂ ಸ್ವಭಾವತಃ ಹಟವಾದಿಯಾಗಿದ್ದ ರಾಸರಂತಹವರಿಗೆ ಬಹಳ ಕಷ್ಟ. ಮಲೇರಿಯದ ಜೀವಿಯೂ ಸೊಳ್ಳೆಯಲ್ಲಿ ಬೆಳೆಯುತ್ತಿರಬೇಕೆಂಬ ತಮ್ಮ ಊಹೆಯನ್ನು ಮ್ಯಾನ್ಸನ್ನರು ಶಿಷ್ಯನಿಗೆ ಹೇಳಿದರು. ಆದರೆ ಗುರುವಿನ ಊಹೆಯಲ್ಲಿ ಒಂದು ತಪ್ಪಿತ್ತು. ಸೊಳ್ಳೆ ಒಮ್ಮೆ ಮಾತ್ರ ರಕ್ತ ಕುಡಿದು, ನೀರಿನಲ್ಲಿ ಮೊಟ್ಟೆಯಿಟ್ಟು ಸಾಯುವುದೆಂದೂ, ಆ ನೀರನ್ನು ಕುಡಿದವರಿಗೆ ಜ್ವರ ಬರುವುದೆಂದೂ ಅವರು ಭಾವಿಸಿದ್ದರು.

೧೮೯೫ರಲ್ಲಿ ಸಿಕಂದರಾಬಾದಿಗೆ ಬಂದ ರಾಸರು ಈ ಊಹೆಯ ಬೆನ್ನು ಹತ್ತಿದರು. ಮುಂದೆ ೧೮೯೭ರಲ್ಲಿ ಹುಸೇನ್ ಖಾನ್ ಎಂಬ ರೋಗಿ ಸೊಳ್ಳೆಪರದೆಯೊಳಗೆ ಮಲಗಿ, ಕಚ್ಚಿದ ಸೊಳ್ಳೆಯೊಂದಕ್ಕೆ ಒಂದಾಣೆಯಂತೆ ಪಡೆದು ತನ್ನ ರಕ್ತವನ್ನು ಕೊಟ್ಟನು. ಲಚ್ಮನ್ ಎಂಬ ಇನ್ನೊಬ್ಬನು ಸೊಳ್ಳೆಗಳು ಸತ್ತುಬಿದ್ದ ನೀರನ್ನು ಕುಡಿಯಲು ಒಪ್ಪಿದನು. ಹಣಕ್ಕಾಗಿ ಬಡವನಿಂದ ಇಂತಹ ಕೆಲಸ ಮಾಡಿಸುವುದನ್ನು ಇಂದು ಯಾವ ವಿಜ್ಞಾನಸಂಸ್ಥೆಯೂ ಒಪ್ಪದು. ನಮಗೂ ಇದು ಒಪ್ಪಿಗೆಯಲ್ಲ. ನೊಬೆಲ್ ಪಾರಿತೋಷಕದ ಕಥೆಯಲ್ಲಿ ಹುಸೇನ್ ಖಾನನ ಹೆಸರನ್ನು ದೊಡ್ಡಕ್ಷರದಲ್ಲಿ ಬರೆಯದಿರುವುದು ಅನ್ಯಾಯವೆಂದೇ ನಮ್ಮ ಭಾವನೆ.

ಕೆಲಸ ಭರದಿಂದ ಸಾಗುತ್ತಿದ್ದಾಗಲೇ, ಅದೇ ವರ್ಷದ ಸೆಪ್ಟೆಂಬರಿನಲ್ಲಿ, ಸರ್ಕಾರ ಅವರನ್ನು ಬೆಂಗಳೂರಿಗೆ ವರ್ಗಾಯಿಸಿತು. ದಂಡಿನಲ್ಲಿ ಕಾಲರಾ ಹಬ್ಬಿತ್ತು; ಊರಿನ ನೈರ್ಮಲ್ಯವನ್ನು ಸರಿಪಡಿಸುವ ಹೊಣೆ ಅವರ ಪಾಲಿಗೆ ಬಂದಿತು. ಸುಮಾರು ಒಂದೂ ಮುಕ್ಕಾಲು ವರ್ಷ ಅವರು ಈ ನಗರದ ಬಾವಿ, ಚರಂಡಿ, ಸಂದಿಗೊಂದಿಗಳನ್ನು ಸುತ್ತಿ, ಸುಧಾರಣೆಯ ವರದಿಯನ್ನು ಬರೆದರು. ಇಂದು ನಾವು ಶಾಲೆಗೆ ನಡೆದುಬರುವ ಊರನ್ನೇ ಅವರು ಅಂದು ನಡೆದು ನೋಡಿದ್ದರೆಂಬುದು ನೆನಪಾದಾಗ ಮನಸ್ಸಿಗೆ ಒಂದು ಬಗೆಯ ಸಂತೋಷವಾಗುತ್ತದೆ. ಆದರೆ ಅವರ ಮನಸ್ಸು ಮಾತ್ರ ಸೊಳ್ಳೆಗಳ ಮೇಲೆಯೇ ಇತ್ತು. ಬಿಡುವು ಸಿಕ್ಕಿದಾಗಲೆಲ್ಲ ರೋಗಿಗಳನ್ನು ಕಚ್ಚಿದ ಸೊಳ್ಳೆಗಳನ್ನು ಹಿಡಿದು ಪರೀಕ್ಷಿಸುತ್ತಿದ್ದರು. ಬೌರಿಂಗ್ ಆಸ್ಪತ್ರೆಯಲ್ಲಿ ಸಹಾಯಕ ವೈದ್ಯರಾಗಿದ್ದ, ರಾಸರು ತಮ್ಮ ಬರಹದಲ್ಲಿ ಅಪ್ಪಿಯ ಎಂದು ಹೆಸರಿಸಿರುವ ಧೈರ್ಯಶಾಲಿಯೊಬ್ಬರು, ಮಲೇರಿಯ ರೋಗಿಗಳ ರಕ್ತ ಕುಡಿದ ಸೊಳ್ಳೆಗಳಿಂದ ತಾವಾಗಿಯೇ ಕಚ್ಚಿಸಿಕೊಂಡರು. ಅವರಿಗೆ ಜ್ವರ ಬರಲಿಲ್ಲ. ಏಕೆ ಬರಲಿಲ್ಲ? ರಾಸರಿಗೆ ಅದು ಒಗಟಾಯಿತು. ಸೊಳ್ಳೆಗಳಲ್ಲಿ ನೂರಾರು ಜಾತಿಗಳಿವೆ, ಮಲೇರಿಯದ ಜೀವಿಗೆ ಅವುಗಳಲ್ಲಿ ಕೆಲವೇ ಜಾತಿಗಳು ಒಗ್ಗುತ್ತವೆ, ತಾವು ಹಿಡಿಯುತ್ತಿದ್ದುದೆಲ್ಲ ಒಗ್ಗದ ಜಾತಿಯವು: ಇದು ಅವರಿಗೆ ತಿಳಿದಿರಲಿಲ್ಲ. ಸೊಳ್ಳೆಗಳ ಶಾಸ್ತ್ರೀಯ ನಾಮಗಳೂ ಅವರಿಗೆ ಗೊತ್ತಿರಲಿಲ್ಲ. ಪಟ್ಟೆಯವು, ಬೂದಿಬಣ್ಣದವು, ಚುಕ್ಕೆರೆಕ್ಕೆಯವು ಎಂದು ತಾವೇ ಹೆಸರಿಟ್ಟುಕೊಂಡಿದ್ದರು.

೧೮೯೭ರ ವಸಂತದಲ್ಲಿ ರಜೆ ಪಡೆದು ನೀಲಗಿರಿಗೆ ಹೋದರು. ಮೈಸೂರು ಸೀಮೆಯ ಕಡೆಗೆ ಇಳಿಯುವ ಸೀಗೂರು ಘಾಟಿಯು ಮಲೇರಿಯಕ್ಕೆ ಕುಖ್ಯಾತವಾದ ಸ್ಥಳ. ಅಲ್ಲಿ ಅವರಿಗೇ ಮಲೇರಿಯ ಹಿಡಿಯಿತು. ಅಲ್ಲಿಯೇ ಗೋಡೆಯ ಮೇಲೆ, ಬಾಲವನ್ನು ಮೇಲೆತ್ತಿ ಓರೆಯಾಗಿ ಕುಳಿತ ಚುಕ್ಕೆರೆಕ್ಕೆಯ ಸೊಳ್ಳೆಯೊಂದು ಅವರ ಕಣ್ಣಿಗೆ ಬಿದ್ದಿತು. ಬೇರೆ ಸೊಳ್ಳೆಗಳಂತೆ ಅದು ಗೋಡೆಗೆ ಸಮನಾಗಿ ಕುಳಿತಿರಲಿಲ್ಲ. ಚಿತ್ರಕಾರನಾಗಬೇಕೆಂದಿದ್ದವರ ಕಣ್ಣು ಅದನ್ನು ಮರೆಯಲಿಲ್ಲ.

ಜೂನ್ ತಿಂಗಳಲ್ಲಿ ಮತ್ತೆ ಸಿಕಂದರಾಬಾದು. ಆ ಬೇಸಗೆಯ ವಿವರವನ್ನು ಓದುವಾಗ ನಮಗೆ ಬೆವರು ಬರುತ್ತದೆ. ಬೇಗಂಪೇಟೆಯ ಸಣ್ಣ ಆಸ್ಪತ್ರೆ, ಉರಿಯುವ ಸೆಕೆ, ಗಾಳಿ ಬೀಸುವ ಪಂಖವನ್ನು ಎಳೆಯಿಸುವಂತಿಲ್ಲ, ಏಕೆಂದರೆ ಸೀಳಿಟ್ಟ ಸೊಳ್ಳೆಗಳು ಹಾರಿಹೋಗುತ್ತವೆ. ಹಣೆಯಿಂದಲೂ ಕೈಗಳಿಂದಲೂ ಇಳಿದ ಬೆವರಿನಿಂದ ಸೂಕ್ಷ್ಮದರ್ಶಕದ ತಿರುಪುಗಳು ತುಕ್ಕು ಹಿಡಿದವು. ಕಣ್ಣಿಡುವ ಗಾಜು ಬಿರುಕು ಬಿಟ್ಟಿತು. ನೂರಾರು ಸೊಳ್ಳೆಗಳನ್ನು ಸೀಳಿ ನೋಡಿದರೂ ಏನೂ ಸಿಗಲಿಲ್ಲ. ಆಗಸ್ಟ್ ನಡುವಿನಲ್ಲಿ ಸೇವಕನೊಬ್ಬನು ತಂದ ಮರಿಹುಳುಗಳಿಂದ ಚುಕ್ಕೆರೆಕ್ಕೆಯ ಸೊಳ್ಳೆಗಳು ಹುಟ್ಟಿದವು. ಆಗಸ್ಟ್ ೧೬ರಂದು ಅವುಗಳನ್ನು ಹುಸೇನ್ ಖಾನನ ಪರದೆಯೊಳಗೆ ಬಿಟ್ಟರು. ದಿನಕ್ಕೆ ಕೆಲವನ್ನು ಸೀಳುತ್ತ ಬಂದರು. ಕೆಲವು ತಾವಾಗಿಯೇ ಸತ್ತವು. ಆಗಸ್ಟ್ ೨೦ರ ಹೊತ್ತಿಗೆ ಬೆರಳೆಣಿಕೆಯಷ್ಟು ಉಳಿದಿದ್ದವು. ಆ ಮಧ್ಯಾಹ್ನ, ದಣಿದ ಕಣ್ಣುಗಳಿಂದ, ಒಂದು ಸೊಳ್ಳೆಯ ಹೊಟ್ಟೆಯ ಗೋಡೆಯನ್ನು ಅಂಗುಲ ಅಂಗುಲವಾಗಿ ಪರೀಕ್ಷಿಸುತ್ತಿದ್ದಾಗ ದುಂಡಾದ ಒಂದು ಕೋಶ ಕಾಣಿಸಿತು. ಸೊಳ್ಳೆಯ ದೇಹದಲ್ಲಿ ಅಂತಹ ಕೋಶವನ್ನು ಅವರು ಹಿಂದೆಂದೂ ಕಂಡಿರಲಿಲ್ಲ. ಅದರೊಳಗೆ ಆ ಕರಿಯ ಹರಳುಗಳು! ಮನುಷ್ಯನ ರಕ್ತದಲ್ಲಿ ಮಲೇರಿಯದ ಜೀವಿಯನ್ನು ಗುರುತಿಸುವ ಅದೇ ಹರಳುಗಳು ಸೊಳ್ಳೆಯ ಹೊಟ್ಟೆಯಲ್ಲಿದ್ದವು. ಮರುದಿನ ಇನ್ನೊಂದು ಸೊಳ್ಳೆಯನ್ನು ಸೀಳಿದಾಗ ಕೋಶಗಳು ಮತ್ತಷ್ಟು ದೊಡ್ಡವಾಗಿದ್ದವು. ಜೀವಿಯು ಬೆಳೆಯುತ್ತಿತ್ತು. ಆಗಸ್ಟ್ ೨೦ನ್ನು ಇಂದಿಗೂ ವಿಶ್ವ ಸೊಳ್ಳೆ ದಿನವೆಂದು ಆಚರಿಸುತ್ತಾರೆ.

ಇಷ್ಟಾದರೂ ಸರ್ಕಾರಕ್ಕೆ ಅವರ ಕೆಲಸದ ಬೆಲೆ ತಿಳಿಯಲಿಲ್ಲ. ಮುಂದಿನ ತಿಂಗಳಲ್ಲಿಯೇ ಅವರನ್ನು ಮುಂಬಯಿಗೂ, ಅಲ್ಲಿಂದ ಮಲೇರಿಯ ರೋಗಿಗಳು ವಿರಳವಾದ ರಾಜಪುತಾನದ ಖೇರ್ವಾಡಕ್ಕೂ ಅಟ್ಟಿದರು. ಮ್ಯಾನ್ಸನ್ನರು ಲಂಡನ್ನಿನಲ್ಲಿ ಹೇಳಿ ಹೇಳಿ ಸಾಕಾದ ಮೇಲೆ, ೧೮೯೮ರ ಫೆಬ್ರವರಿಯಲ್ಲಿ ಕಲ್ಕತ್ತೆಯಲ್ಲಿ ಸಂಶೋಧನೆಗೆ ಅವಕಾಶ ದೊರೆಯಿತು. ಅಲ್ಲಿ ಬೇರೊಂದು ವಿಘ್ನ. ಪ್ಲೇಗಿನ ಚುಚ್ಚುಮದ್ದಿನ ವಿಷಯದಲ್ಲಿ ಜನರಲ್ಲಿ ಭಾರಿ ಹೆದರಿಕೆ ಹುಟ್ಟಿದ್ದುದರಿಂದ, ಬೆರಳಿನಿಂದ ಒಂದು ತೊಟ್ಟು ರಕ್ತ ಕೊಡಲೂ ಯಾರೂ ಮುಂದೆ ಬರಲಿಲ್ಲ. ಸೂಜಿಯನ್ನು ಕಂಡರೆ ಓಟ ಕೀಳುತ್ತಿದ್ದರು. ಆಗ ರಾಸರು ಹಕ್ಕಿಗಳ ಮಲೇರಿಯದ ಕಡೆಗೆ ತಿರುಗಿದರು. ಮಹಮ್ಮದ್ ಬಕ್ಷ್ ಎಂಬ ನಿಷ್ಠಾವಂತ ಸಹಾಯಕನು ಗುಬ್ಬಿಗಳನ್ನೂ ಸೊಳ್ಳೆಗಳನ್ನೂ ಒದಗಿಸುತ್ತ ಹಗಲಿರುಳು ದುಡಿದನು. ಆ ವರ್ಷದ ಜುಲೈ ತಿಂಗಳಲ್ಲಿ, ಸೊಳ್ಳೆಯ ಹೊಟ್ಟೆಯಲ್ಲಿ ಬಲಿತ ಜೀವಿಗಳು ಅದರ ಜೊಲ್ಲಿನ ಗ್ರಂಥಿಗೆ ಬಂದು ಸೇರುವುದನ್ನು ರಾಸರು ಕಂಡರು. ಅಂತಹ ಸೊಳ್ಳೆಗಳು ಕಚ್ಚಿದ ಆರೋಗ್ಯವಂತ ಗುಬ್ಬಿಗಳಿಗೆ ಮಲೇರಿಯ ಬಂದಿತು. ಗುರುವಿನ ಊಹೆಯ ತಪ್ಪು ತಿದ್ದಿಹೋಯಿತು: ರೋಗ ಬರುವುದು ಕುಡಿಯುವ ನೀರಿನಿಂದಲ್ಲ, ಸೊಳ್ಳೆಯ ಕಡಿತದಿಂದಲೇ. ಮನುಷ್ಯನ ಮಲೇರಿಯವನ್ನು ಅನಾಫಿಲಿಸ್ ಜಾತಿಯ ಸೊಳ್ಳೆ ಹರಡುವುದೆಂದು ಅದೇ ವರ್ಷದ ಕೊನೆಯಲ್ಲಿ ಇಟಲಿಯ ಗ್ರಾಸಿ ಮತ್ತು ಅವರ ಜೊತೆಗಾರರು ಸಾಧಿಸಿ ತೋರಿಸಿದರು. ಇಬ್ಬರಲ್ಲಿ ಯಾರು ಮೊದಲೆಂಬ ಜಗಳ ರಾಸರ ಜೀವಮಾನವಿಡೀ ನಡೆಯಿತು. ೧೯೦೨ರ ನೊಬೆಲ್ ಪಾರಿತೋಷಕ ರಾಸರೊಬ್ಬರಿಗೇ ಬಂದಿತು. ಆದರೂ ಅವರ ಕೋಪ ಆರಲಿಲ್ಲ. ಕಡೆಗೆ ತಮ್ಮ ಗುರು ಮ್ಯಾನ್ಸನ್ನರೊಡನೆಯೂ ಮನಸ್ತಾಪ ಮಾಡಿಕೊಂಡರು. ಇದನ್ನು ಬರೆಯುವಾಗ ನಮಗೆ ಬೇಸರವಾಗುತ್ತದೆ, ಆದರೆ ಮುಚ್ಚಿಡುವುದು ಸರಿಯಲ್ಲ.

೧೮೯೯ರಲ್ಲಿ ಸೇವೆಯನ್ನು ಬಿಟ್ಟು ಲಿವರ್‌ಪೂಲಿನ ಉಷ್ಣವಲಯ ವೈದ್ಯಶಾಲೆಯನ್ನು ಸೇರಿದ ಮೇಲೆ ಅವರು ಮಾಡಿದ ಕೆಲಸಗಳಲ್ಲಿ ಒಂದನ್ನು ಜನ ಅಷ್ಟಾಗಿ ನೆನೆಯುವುದಿಲ್ಲ. ೧೯೦೩ರಲ್ಲಿ ಪ್ರಕಟವಾದ, ದಪ್ಪ ಬೊಟ್ಟಿನ ಆ ಉಪಾಯವೇ ಅದು. ಒಂದು ಘನ ಮಿಲಿಮೀಟರು ರಕ್ತದಲ್ಲಿ ಸುಮಾರು ೫೦ ಲಕ್ಷ ಕೆಂಪುಕಣಗಳಿರುತ್ತವೆ. ಅವುಗಳಲ್ಲಿ ಐವತ್ತರಲ್ಲಿ ಮಾತ್ರ ಜೀವಿ ಇದೆಯೆನ್ನಿ. ಎಂದರೆ ಲಕ್ಷಕ್ಕೆ ಒಂದು. ತೆಳುವಾಗಿ ಎಳೆದ ರಕ್ತದಲ್ಲಿ ಅದನ್ನು ಹುಡುಕುವುದು ಜಾತ್ರೆಯಲ್ಲಿ ಕಳೆದುಹೋದ ಮಗುವನ್ನು ಹುಡುಕಿದಂತೆ. ರಕ್ತವನ್ನು ದಪ್ಪವಾಗಿ ಇಟ್ಟರೆ ಕಣಗಳು ಒಂದರ ಮೇಲೊಂದು ಕುಳಿತು ಏನೂ ಕಾಣದು. ರಾಸರು ಮಾಡಿದುದೇನೆಂದರೆ, ದಪ್ಪ ಬೊಟ್ಟನ್ನು ಒಣಗಿಸಿ, ನೀರು ಸೋಕಿಸಿ, ಕೆಂಪುಕಣಗಳ ಬಣ್ಣವನ್ನೆಲ್ಲ ಕರಗಿಸಿ ತೊಳೆದುಬಿಟ್ಟರು. ಜೀವಿಗಳು ಮಾತ್ರ ಗಾಜಿಗೆ ಅಂಟಿ ಉಳಿದವು. ಬಣ್ಣ ಹಾಕಿ ನೋಡಿದರೆ, ಅಷ್ಟೇ ಹೊತ್ತಿನಲ್ಲಿ ಹತ್ತಿಪ್ಪತ್ತು ಪಟ್ಟು ಹೆಚ್ಚು ರಕ್ತವನ್ನು ಪರೀಕ್ಷಿಸಿದಂತಾಯಿತು. ೧೯೧೦ರಲ್ಲಿ ಅವರು ಡೇವಿಡ್ ಥಾಮ್ಸನ್ನರೊಡನೆ ಕೂಡಿ ರೋಗಿಗಳ ರಕ್ತದಲ್ಲಿರುವ ಜೀವಿಗಳನ್ನು ದಿನದಿನವೂ ಎಣಿಸಿ, ಅವುಗಳ ಸಂಖ್ಯೆಗೂ ಜ್ವರದ ಏರಿಳಿತಕ್ಕೂ ಇರುವ ಸಂಬಂಧವನ್ನು ತೋರಿಸಿದರು. ಒಂದು ಕಾಲದಲ್ಲಿ ರಕ್ತದಲ್ಲಿ ಒಂದು ಜೀವಿಯನ್ನೂ ಕಾಣಲಾರದೆ ಹೋದವರು ಕೊನೆಗೆ ಅವುಗಳ ಲೆಕ್ಕವನ್ನೇ ಇಟ್ಟರು!

ಈ ದಪ್ಪ ಬೊಟ್ಟಿನ ಮೇಲೆ ಒಂದು ಜೀವವೇ ನಿಂತಿರುವ ಸಂದರ್ಭಗಳುಂಟು. ಅವುಗಳಲ್ಲಿ ಅತ್ಯಂತ ಕರುಣಾಜನಕವಾದುದು ಹಸುಗೂಸಿನ ಮಲೇರಿಯ. ಬಸುರಿಯಾದ ತಾಯಿಗೆ ಮಲೇರಿಯವಾದರೆ ಕೆಲವೊಮ್ಮೆ ಆ ಜೀವಿಗಳು ಗರ್ಭದ ಕೂಸಿಗೂ ದಾಟುತ್ತವೆ. ಆಗ ಕೂಸು ಸೊಳ್ಳೆಯ ಮುಖವನ್ನೇ ಕಾಣದೆ ರೋಗದೊಡನೆ ಹುಟ್ಟುತ್ತದೆ. ತಾಯಿಯ ಬೆರಳಿನ ರಕ್ತದಲ್ಲಿ ಹುಡುಕಿದರೆ ಏನೂ ಸಿಗದಿರಬಹುದು. ಏಕೆಂದರೆ ಫಾಲ್ಸಿಪೇರಮ್ ಎಂಬ ಕ್ರೂರ ಜಾತಿಯ ಜೀವಿಗಳಿರುವ ಕಣಗಳು ತಾಯಿಗೂ ಕೂಸಿಗೂ ನಡುವಿನ ಮಾಸಿನಲ್ಲಿ ಅಂಟಿಕೊಂಡು ಅಡಗಿರುತ್ತವೆ. ಕೂಸು ಹುಟ್ಟಿದೊಡನೆ ಚೆನ್ನಾಗಿಯೇ ಕಾಣುತ್ತದೆ. ಎರಡು ಮೂರು ವಾರಗಳ ಮೇಲೆ ಜ್ವರ, ಮೊಲೆಯುಣ್ಣದಿರುವುದು, ಬಿಳಿಚಿಕೊಳ್ಳುವುದು. ಹಸುಗೂಸಿಗೆ ಬರುವ ಬೇರೆ ನಂಜುಗಳಲ್ಲಿಯೂ ಇವೇ ಚಿಹ್ನೆಗಳಿರುವುದರಿಂದ ವೈದ್ಯರು ಎಡವುವುದು ಸಹಜ. ಹಿಮ್ಮಡಿಯಿಂದ ಒಂದು ತೊಟ್ಟು ರಕ್ತ ತೆಗೆದು, ದಪ್ಪ ಬೊಟ್ಟಿಟ್ಟು, ತಾಳ್ಮೆಯಿಂದ ನೋಡುವವರಿದ್ದರೆ ಮಗು ಉಳಿಯುತ್ತದೆ.

ಮಲೇರಿಯವೊಂದೇ ಅಲ್ಲ. ಬೆಕ್ಕಿನ ಮಲದಿಂದಲೂ ಸರಿಯಾಗಿ ಬೇಯದ ಮಾಂಸದಿಂದಲೂ ಬರುವ ಟಾಕ್ಸೋಪ್ಲಾಸ್ಮ ಎಂಬ ಜೀವಿ ಬಸುರಿಯಿಂದ ಕೂಸಿಗೆ ದಾಟಿ, ಅದರ ಕಣ್ಣನ್ನೂ ಮೆದುಳನ್ನೂ ಕೆಡಿಸಬಲ್ಲುದು. ಬ್ರೆಜಿಲ್ ದೇಶದ ಕಾರ್ಲೋಸ್ ಶಾಗಾಸರು ೧೯೦೯ರಲ್ಲಿ ಕಂಡುಹಿಡಿದ, ಹೃದಯವನ್ನು ಹಾಳುಮಾಡುವ ಜೀವಿಯೂ ಹೀಗೆಯೇ ದಾಟುತ್ತದೆ. ಇವುಗಳ ಪತ್ತೆಯಲ್ಲಿ ಒಂದು ತೊಡಕಿದೆ. ರೋಗವನ್ನೆದುರಿಸಲು ತಾಯಿಯ ದೇಹ ತಯಾರಿಸಿದ ಪ್ರತಿಕಾಯಗಳು ಮಾಸನ್ನು ದಾಟಿ ಕೂಸಿನ ರಕ್ತಕ್ಕೂ ಬಂದು, ತಿಂಗಳುಗಟ್ಟಲೆ ಅಲ್ಲಿಯೇ ಉಳಿಯುತ್ತವೆ. ಆದ್ದರಿಂದ ಅವು ಸಿಕ್ಕಿದ ಮಾತ್ರಕ್ಕೆ ಕೂಸಿಗೆ ರೋಗವಿದೆಯೆನ್ನಲಾಗದು. ಜೀವಿಯನ್ನೇ, ಇಲ್ಲವೆ ಜೀವಿಗೆ ಸೇರಿದ ಪದಾರ್ಥವನ್ನೇ ಹಿಡಿಯಬೇಕು. ಅಥವಾ ಕೂಸು ತಾನಾಗಿ ತಯಾರಿಸಿದ ಪ್ರತಿಕಾಯವನ್ನು ಬೇರೆಯಾಗಿ ಗುರುತಿಸಬೇಕು.

ಇದಕ್ಕಾಗಿ ವಿಜ್ಞಾನಿಗಳು ಈಗ ಸೂಕ್ಷ್ಮದರ್ಶಕದ ಜೊತೆಗೆ ವಿದ್ಯುತ್ತಿನ ನೆರವನ್ನೂ ಪಡೆಯಲು ಯತ್ನಿಸುತ್ತಿದ್ದಾರೆ. ನಮ್ಮ ಅಜ್ಜ ಅಜ್ಜಿಯರು ಸಕ್ಕರೆ ಕಾಯಿಲೆಗಾಗಿ ಮನೆಯಲ್ಲಿಯೇ ರಕ್ತ ಪರೀಕ್ಷಿಸಿಕೊಳ್ಳುವ ಪುಟ್ಟ ಯಂತ್ರವನ್ನು ನಾವು ನೋಡಿದ್ದೇವಲ್ಲವೆ? ಅದರ ಪಟ್ಟಿಯಲ್ಲಿ ಸಕ್ಕರೆಯೊಡನೆ ಮಾತ್ರ ವರ್ತಿಸುವ ಒಂದು ಕಿಣ್ವವಿದೆ. ರಕ್ತ ತಗುಲಿದೊಡನೆ ನಡೆಯುವ ರಾಸಾಯನಿಕ ಕ್ರಿಯೆಯಿಂದ ಇಲೆಕ್ಟ್ರಾನುಗಳು ಹೊರಟು ವಿದ್ಯುದ್ವಾರಕ್ಕೆ ಹರಿಯುತ್ತವೆ. ಸಕ್ಕರೆ ಎಷ್ಟು ಹೆಚ್ಚೋ ವಿದ್ಯುತ್ಪ್ರವಾಹವೂ ಅಷ್ಟು ಹೆಚ್ಚು. ಯಂತ್ರವು ಅದನ್ನು ಅಳೆದು ಅಂಕಿಯಾಗಿ ತೋರಿಸುತ್ತದೆ. ಇಂತಹ ಸಾಧನದ ಕಲ್ಪನೆಯನ್ನು ೧೯೬೨ರಲ್ಲಿ ಮುಂದಿಟ್ಟವರು ಅಮೆರಿಕದ ಲೆಲೆಂಡ್ ಕ್ಲಾರ್ಕರು. ಇದಕ್ಕೆ ಜೈವಿಕ ಸಂವೇದಕವೆಂದು ಹೆಸರು. ಮಲೇರಿಯದ ಪತ್ತೆಗಾದರೆ ವಿದ್ಯುದ್ವಾರದ ಮೇಲೆ ಕಿಣ್ವದ ಬದಲು ಪ್ರತಿಕಾಯಗಳನ್ನು ನಾಟಿರುತ್ತಾರೆ. ಅವು ಮಲೇರಿಯದ ಜೀವಿ ಮಾತ್ರ ತಯಾರಿಸುವ ಪ್ರೋಟೀನನ್ನು ರಕ್ತದಿಂದ ಹಿಡಿದು ನಿಲ್ಲಿಸುತ್ತವೆ. ಬಳಿಕ ಕಿಣ್ವವೊಂದನ್ನು ಹೊತ್ತ ಎರಡನೆಯ ಪ್ರತಿಕಾಯವು ಬಂದು ಅದೇ ಪ್ರೋಟೀನಿಗೆ ಅಂಟುತ್ತದೆ. ಮುಂದಿನದು ಸಕ್ಕರೆಯ ಪಟ್ಟಿಯಂತೆಯೇ: ರಾಸಾಯನಿಕ ಕ್ರಿಯೆ, ಸಣ್ಣದೊಂದು ವಿದ್ಯುತ್ಪ್ರವಾಹ, ಪರದೆಯ ಮೇಲೊಂದು ಅಂಕಿ. ಪ್ರತಿಕಾಯದ ಬದಲು ಜೀವಿಯ ಡಿ.ಎನ್.ಎ.ಗೆ ಜೋಡಿಯಾಗುವ ಎಳೆಯನ್ನು ನಾಟುವುದೂ ಉಂಟು. ಇವುಗಳಲ್ಲಿ ಹೆಚ್ಚಿನವು ಇನ್ನೂ ಪ್ರಯೋಗಶಾಲೆಗಳನ್ನು ಬಿಟ್ಟು ಹೊರಬಂದಿಲ್ಲ. ರಕ್ತದಲ್ಲಿರುವ ನೂರಾರು ಬೇರೆ ಪದಾರ್ಥಗಳು ವಿದ್ಯುದ್ವಾರಕ್ಕೆ ಅಂಟಿ ಅಳತೆಯನ್ನು ಕೆಡಿಸುತ್ತವೆ. ಸೆಕೆಯ ನಾಡಿನಲ್ಲಿ ಪ್ರತಿಕಾಯಗಳನ್ನು ಕೆಡದಂತೆ ಇಡುವುದೂ ಕಷ್ಟ. ಹಸುಗೂಸಿನಲ್ಲಿ ಜೀವಿಗಳು ಬಹಳ ವಿರಳವಾಗಿರುವುದರಿಂದ ಹುಸಿಯನ್ನೂ ನಿಜವನ್ನೂ ಬೇರ್ಪಡಿಸುವುದು ಇನ್ನಷ್ಟು ಕಷ್ಟ. ರಕ್ತಕಣದ ಮಡಿಕೆಗಳ ನಡುವೆ ತರುಣ ರಾಸರು ಪಟ್ಟ ಪಾಡನ್ನೇ ಇಂದಿನ ತರುಣರು ಅಂಕಿಗಳ ನಡುವೆ ಪಡುತ್ತಿದ್ದಾರೆ. ಹೀಗಾಗಿ ಜಿಲ್ಲೆ ತಾಲ್ಲೂಕುಗಳ ಆಸ್ಪತ್ರೆಗಳಲ್ಲಿ ೧೯೦೩ರ ದಪ್ಪ ಬೊಟ್ಟು ಇನ್ನೂ ತನ್ನ ಸ್ಥಾನವನ್ನು ಬಿಟ್ಟುಕೊಟ್ಟಿಲ್ಲ.

ರಾಸರ ಉಳಿದ ಜೀವಿತವನ್ನು ಬೇಗ ಹೇಳಿ ಮುಗಿಸಬಹುದು. ಆಫ್ರಿಕದ ಫ್ರೀಟೌನ್, ಸುಯೆಜ್ ಕಾಲುವೆಯ ದಡದ ಇಸ್ಮೈಲಿಯ, ಮಾರಿಷಸ್ ಮುಂತಾದೆಡೆಗಳಲ್ಲಿ ಸೊಳ್ಳೆಗಳ ನಿವಾರಣೆಗಾಗಿ ಶ್ರಮಿಸಿದರು. ಬೆಂಗಳೂರಿನಲ್ಲಿ ಮೊಗಚಿ ಹಾಕಿಸಿದ ಪೀಪಾಯಿಯೇ ಈ ಎಲ್ಲ ಯೋಜನೆಗಳ ಮೂಲವೆನ್ನಬಹುದು. ಬಾಲ್ಯದ ಗಣಿತವೂ ವ್ಯರ್ಥವಾಗಲಿಲ್ಲ. ಮಲೇರಿಯವನ್ನು ಅಳಿಸಲು ಕಟ್ಟಕಡೆಯ ಸೊಳ್ಳೆಯನ್ನೂ ಕೊಲ್ಲಬೇಕಾಗಿಲ್ಲ, ಅವುಗಳ ಸಂಖ್ಯೆಯನ್ನು ಒಂದು ಮಿತಿಗಿಂತ ಕೆಳಗಿಳಿಸಿದರೆ ರೋಗವು ತಾನಾಗಿಯೇ ನಶಿಸುವುದೆಂದು ಅವರು ಸಮೀಕರಣಗಳಿಂದ ಸಾಧಿಸಿದರು. ೧೯೧೧ರಲ್ಲಿ ಸರ್ ಪದವಿ ಬಂದಿತು. ೧೯೨೬ರಲ್ಲಿ ಲಂಡನ್ನಿನ ಪಟ್ನಿಯಲ್ಲಿ ಅವರ ಹೆಸರಿನ ಸಂಸ್ಥೆ ಮತ್ತು ಆಸ್ಪತ್ರೆ ಆರಂಭವಾದವು. ನಮ್ಮ ಮೈಸೂರು ಸಂಸ್ಥಾನವು ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮೂಡಿಗೆರೆ ಮೊದಲಾದ ಕಡೆಗಳಲ್ಲಿ ಮಲೇರಿಯದ ಅಧ್ಯಯನವನ್ನು ಕೈಗೊಂಡುದೂ ೧೯೨೦ರ ದಶಕದ ಕೊನೆಯಲ್ಲಿಯೇ. ಅಲ್ಲಿಯೂ ಹಳ್ಳಿಯ ಮಕ್ಕಳ ಬೆರಳನ್ನು ಚುಚ್ಚಿ ರಕ್ತವನ್ನು ನೋಡಿದರು.

೧೯೨೭ರ ಜನವರಿಯಲ್ಲಿ ಕಲ್ಕತ್ತೆಯ ಆಸ್ಪತ್ರೆಯ ಬಳಿ ಅವರ ಸ್ಮಾರಕದ್ವಾರವನ್ನು ಅವರ ಸಮ್ಮುಖದಲ್ಲಿಯೇ ಅನಾವರಣ ಮಾಡಿದರು. ಅದೇ ವರ್ಷ ಅವರಿಗೆ ಲಕ್ವ ಹೊಡೆಯಿತು. ಹಣದ ಅಡಚಣೆಯಿಂದ ತಮ್ಮ ಕಾಗದಪತ್ರಗಳನ್ನು ಮಾರಬೇಕಾಯಿತು. ೧೯೩೧ರಲ್ಲಿ ಪತ್ನಿ ತೀರಿಕೊಂಡರು. ೧೯೩೨ರ ಸೆಪ್ಟೆಂಬರ್ ೧೬ರಂದು, ಎಪ್ಪತ್ತೈದನೆಯ ವಯಸ್ಸಿನಲ್ಲಿ, ತಮ್ಮ ಹೆಸರಿನ ಸಂಸ್ಥೆಯಲ್ಲಿಯೇ ರಾಸರು ಕಣ್ಣು ಮುಚ್ಚಿದರು. ಪಟ್ನಿ ವೇಲ್ ಸ್ಮಶಾನದಲ್ಲಿ ಪತ್ನಿಯ ಪಕ್ಕದಲ್ಲಿ ಅವರ ಸಮಾಧಿಯಿದೆ.